ಡೆಟ್ರಾಯಿಟ್‌ನ ಪಂಕ್ತಿಭೇದ

ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಮುಷ್ಕರ ಎಂಬ ಸುದ್ದಿ ಬಂದಾಗಲೆಲ್ಲ ಊರಿನ ಓದುಗರಿಂದ ನನಗೆ ಪತ್ರಗಳು ಬರುತ್ತವೆ. ಮಾತು ಬೇರೆ ಬೇರೆ, ತಿರುಳು ಒಂದೇ: ಸಂಬಳ ಸಾಲದು ಸಾಲದು ಅಂತ ಕೇಳಿ ಕೇಳಿಯೇ ಅಲ್ಲವೇ ಯೂನಿಯನ್‌ನವರು ಡೆಟ್ರಾಯಿಟನ್ನು ಮುಳುಗಿಸಿದ್ದು? ಕೆಲವರು 2008ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಓಡಾಡಿದ ಒಂದು ಅಂಕಿಯನ್ನೂ ನೆನಪಿಟ್ಟು ಬರೆಯುತ್ತಾರೆ. ಕಾರು ಜೋಡಿಸುವ ಕಾರ್ಮಿಕನಿಗೆ ಗಂಟೆಗೆ 73 ಡಾಲರ್! ನಾನು ಮಿಷಿಗನ್‌ನಲ್ಲಿ ಬಹಳ ವರ್ಷ ಬಾಳಿದವನು, ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿ ದುಡಿದವನು. ಇಲ್ಲಿನ ಜಗಳವೆಲ್ಲ ಆ 73ರ ಒಳಗೇ ಇದೆ ಎಂದು ನನಗೆ ಅನಿಸುವುದರಿಂದ ಅದನ್ನೇ ಬಿಡಿಸಿ ನೋಡೋಣ.

ಆಗ ಡೆಟ್ರಾಯಿಟ್‌ನ ಮೂರು ಕಂಪನಿಗಳಲ್ಲಿ, ಅಂದರೆ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್‌ಗಳಲ್ಲಿ, ಹಳೆಯ ಕಾರ್ಮಿಕರ ಮೂಲ ಕೂಲಿ ಗಂಟೆಗೆ ಸುಮಾರು 28 ಡಾಲರ್. ಹೆಚ್ಚುವರಿ ಪಾಳಿಯ ದುಡ್ಡು, ರಜೆಯ ಸಂಬಳ, ಸಂಸಾರದ ಆರೋಗ್ಯ ವಿಮೆ, ಪಿಂಚಣಿಗೆ ಕಟ್ಟುವ ಪಾಲು ಎಲ್ಲ ಸೇರಿಸಿದರೂ ಅದು 55ರ ಆಸುಪಾಸಿಗೆ ನಿಲ್ಲುತ್ತಿತ್ತು. ಉಳಿದದ್ದು ದುಡಿಯುತ್ತಿದ್ದವರಿಗೆ ಸೇರಿದ ಹಣವೇ ಅಲ್ಲ. ಎಂದೋ ನಿವೃತ್ತರಾದವರ ಪಿಂಚಣಿ ಮತ್ತು ಆಸ್ಪತ್ರೆ ಖರ್ಚನ್ನು ಒಟ್ಟುಗೂಡಿಸಿ, ಈಗ ಕೆಲಸದಲ್ಲಿರುವವರ ಗಂಟೆಗಳಿಂದ ಭಾಗಿಸಿ, ಬಂದದ್ದನ್ನು ಅವರ ತಲೆಯ ಮೇಲೆ ಬರೆದಿದ್ದರು. ಈ ಲೆಕ್ಕದ ಸ್ವಭಾವ ಗಮನಿಸಿ. ಕಂಪನಿ ಒಂದು ಕಾರ್ಖಾನೆ ಮುಚ್ಚಿ ಐದು ಸಾವಿರ ಜನರನ್ನು ಮನೆಗೆ ಕಳಿಸಿದರೆ ಭಾಜಕ ಚಿಕ್ಕದಾಗುತ್ತದೆ, ನಿವೃತ್ತರು ಹಾಗೇ ಇರುತ್ತಾರೆ, ಯಾರಿಗೂ ಒಂದು ಸೆಂಟ್ ಹೆಚ್ಚು ಕೊಡದೆಯೇ ‘ಕಾರ್ಮಿಕನ ವೆಚ್ಚ’ ಮೇಲೇರುತ್ತದೆ. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿರುವ ಟೊಯೊಟಾ ಕಾರ್ಖಾನೆ ಕಾರು ತಯಾರಿಸಲು ಶುರು ಮಾಡಿದ್ದು 1988ರಲ್ಲಿ. ಅಲ್ಲಿ ಕೂಲಿ ಹೆಚ್ಚುಕಡಿಮೆ ಇಷ್ಟೇ ಇತ್ತು. ಆದರೆ ಅಲ್ಲಿದ್ದವರಲ್ಲಿ ಬಹುಪಾಲು ಕಡಿಮೆ ವಯಸ್ಸಿನವರು, ನಿವೃತ್ತರು ತೀರಾ ಕಡಿಮೆ.

ಹಾಗಾದರೆ ಡೆಟ್ರಾಯಿಟ್‌ನ ಕಂಪನಿಗಳು ಮುದುಕರ ಆಸ್ಪತ್ರೆ ಖರ್ಚನ್ನು ತಾವೇ ಏಕೆ ಹೊತ್ತುಕೊಂಡವು? ಇದಕ್ಕೆ ಉತ್ತರ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿದೆ, ಆದರೆ ಕಥೆ ಶುರುವಾಗುವುದು ಅದಕ್ಕೂ ಮೊದಲು. ಯುನೈಟೆಡ್ ಆಟೊ ವರ್ಕರ್ಸ್, ಎಲ್ಲರ ಬಾಯಲ್ಲಿ ಯು.ಎ.ಡಬ್ಲ್ಯು., ಹುಟ್ಟಿದ್ದು 1935ರಲ್ಲಿ. 1936ರ ಡಿಸೆಂಬರ್ ಕೊನೆಯಲ್ಲಿ ಫ್ಲಿಂಟ್ ನಗರದ ಜನರಲ್ ಮೋಟಾರ್ಸ್ ಕಾರ್ಖಾನೆಗಳೊಳಗೆ ಕಾರ್ಮಿಕರು ಯಂತ್ರ ನಿಲ್ಲಿಸಿ ಅಲ್ಲೇ ಕುಳಿತುಬಿಟ್ಟರು. ಹೊರಗೆ ಮಿಷಿಗನ್‌ನ ಚಳಿ. ಕಂಪನಿ ಒಳಗಿನ ಶಾಖ ನಿಲ್ಲಿಸಿತು, ಊಟ ತಡೆಯಿತು, ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗಿದ್ದವರು ಕಾರಿನ ಬಾಗಿಲ ಕೀಲುಗಳನ್ನು ಎಸೆದು, ಬೆಂಕಿ ಆರಿಸುವ ಪೈಪಿನಿಂದ ತಣ್ಣೀರು ಎರಚಿ ಅವರನ್ನು ಹಿಂದಟ್ಟಿದರು. 44 ದಿನಗಳ ನಂತರ, ಒಂದೇ ಒಂದು ಹಾಳೆಯ ಒಪ್ಪಂದದಲ್ಲಿ ಜನರಲ್ ಮೋಟಾರ್ಸ್ ಯೂನಿಯನ್ನನ್ನು ಮಾನ್ಯ ಮಾಡಿತು. ಅಂದು ಅವರು ಮುಖ್ಯವಾಗಿ ಕೇಳಿದ್ದು ಲೈನಿನ ವೇಗ ತಗ್ಗಿಸಿ, ನಮ್ಮ ಪರವಾಗಿ ಮಾತಾಡುವ ಸಂಘವನ್ನು ಒಪ್ಪಿಕೊಳ್ಳಿ ಎಂಬುದನ್ನು. ಪಿಂಚಣಿಯ ಮಾತು ಆಮೇಲಿನದು.

ಆ ಮಾತನ್ನು ಎತ್ತಿದವರು ಯೂನಿಯನ್ ನಾಯಕ ವಾಲ್ಟರ್ ರೂಥರ್. 1945ರ ಕೊನೆಗೆ ಜನರಲ್ ಮೋಟಾರ್ಸ್ ವಿರುದ್ಧ 113 ದಿನಗಳ ಮುಷ್ಕರ ನಡೆಸಿದಾಗ ಅವರ ಬೇಡಿಕೆ ಅಪರೂಪದ್ದಾಗಿತ್ತು: ಕೂಲಿ ಶೇ 30ರಷ್ಟು ಏರಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ, ಆಗದಿದ್ದರೆ ನಿಮ್ಮ ಲೆಕ್ಕದ ಪುಸ್ತಕ ತೆರೆದು ತೋರಿಸಿ. ಕಂಪನಿ ಪುಸ್ತಕ ತೆರೆಯಲಿಲ್ಲ. ಆರೋಗ್ಯ ವಿಮೆ ದೇಶದ ಎಲ್ಲರಿಗೂ ಸರ್ಕಾರದಿಂದಲೇ ಸಿಗಬೇಕು ಎಂಬುದು ರೂಥರ್ ಅವರ ಬಯಕೆ. ಅಧ್ಯಕ್ಷ ಟ್ರೂಮನ್ ಅದಕ್ಕೆ ಪ್ರಯತ್ನಿಸಿದರು, ಸಂಸತ್ತಿನಲ್ಲಿ ಸೋತರು. ಸರ್ಕಾರದಿಂದ ಸಿಗದದ್ದನ್ನು ಕಂಪನಿಯಿಂದ ಪಡೆಯುವುದೊಂದೇ ದಾರಿ ಉಳಿಯಿತು. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಐದು ವರ್ಷಗಳ ಒಪ್ಪಂದವಾಯಿತು. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ, ವರ್ಷ ವರ್ಷ ಹೆಚ್ಚಳ, ಪಿಂಚಣಿ, ಆಸ್ಪತ್ರೆ ಖರ್ಚಿನಲ್ಲಿ ಪಾಲು. ಪ್ರತಿಯಾಗಿ ಐದು ವರ್ಷ ಕೈಗಾರಿಕಾ ಶಾಂತಿ, ಮತ್ತು ಯಾವ ಕಾರು ಎಷ್ಟು ಮಾಡಬೇಕು ಎಂಬ ತೀರ್ಮಾನ ಪೂರ್ತಿ ಆಡಳಿತ ಮಂಡಳಿಯ ಕೈಯಲ್ಲಿ. ‘ಡೆಟ್ರಾಯಿಟ್ ಸಂಧಿ’ ಎಂದೇ ಅದು ಹೆಸರಾಯಿತು. ಕಂಪನಿಗಳಿಗೆ ಆಗ ಅದು ಅಗ್ಗದ ವ್ಯವಹಾರ. ಕಾರ್ಮಿಕರೆಲ್ಲ ಯುವಕರು, ಪಿಂಚಣಿ ಕೊಡುವ ದಿನ ದೂರ, ಕಾರುಗಳಿಗೆ ಎದುರಾಳಿಯೇ ಇಲ್ಲ.

ಡೆಟ್ರಾಯಿಟ್ ನದಿಯ ಆಚೆ ದಡದಲ್ಲಿ ಕೆನಡಾದ ವಿಂಡ್ಸರ್ ಇದೆ. ಅಲ್ಲೂ ಇದೇ ಕಂಪನಿಗಳ ಕಾರ್ಖಾನೆಗಳು, ಬಹಳ ಕಾಲ ಇದೇ ಯೂನಿಯನ್. ಆದರೆ 1960ರ ದಶಕದಿಂದೀಚೆಗೆ ಅಲ್ಲಿನ ಕಾರ್ಮಿಕನಿಗೆ ಹೃದಯದ ಶಸ್ತ್ರಚಿಕಿತ್ಸೆಯಾದರೆ ಬಿಲ್ಲು ಹೋಗುವುದು ಪ್ರಾಂತ್ಯ ಸರ್ಕಾರಕ್ಕೆ. ಈಚೆ ದಡದಲ್ಲಿ ಅದು ಕಂಪನಿಗೆ ಬಂದು, ಕಂಪನಿಯಿಂದ ಕಾರಿನ ಬೆಲೆಗೆ ಸೇರುತ್ತಿತ್ತು. 2005ರ ಹೊತ್ತಿಗೆ ಜನರಲ್ ಮೋಟಾರ್ಸ್ ಪ್ರತಿಯೊಂದು ವಾಹನದ ಮೇಲೆ ಸುಮಾರು 1,500 ಡಾಲರ್ ಆರೋಗ್ಯ ವೆಚ್ಚ ಹೊರುತ್ತಿತ್ತು. ಕಾರಿಗೆ ಹಾಕುವ ಉಕ್ಕಿಗಿಂತ ಹೆಚ್ಚು ಇದಕ್ಕೆ ಹೋಗುತ್ತಿದೆ ಎಂದು ಕಂಪನಿಯ ಮುಖ್ಯಸ್ಥರೇ ಹೇಳುತ್ತಿದ್ದ ಕಾಲ ಅದು. ಇಷ್ಟು ನೋವಿದ್ದ ಕಂಪನಿಗಳು ವಾಷಿಂಗ್ಟನ್ನಿಗೆ ಹೋಗಿ ‘ಇದನ್ನು ಸರ್ಕಾರ ವಹಿಸಿಕೊಳ್ಳಲಿ’ ಎಂದು ಟೊಂಕ ಕಟ್ಟಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನನ್ನ ಮಟ್ಟಿಗೆ ಡೆಟ್ರಾಯಿಟ್‌ನ ಆಡಳಿತ ಮಂಡಳಿಗಳು ಮಾಡಿದ ಅತಿ ದೊಡ್ಡ ತಪ್ಪು ಇದೇ. ಕೆಟ್ಟ ಕಾರುಗಳದ್ದು ಆಮೇಲಿನ ಮಾತು.

ಆ ಆಮೇಲಿನ ಮಾತೂ ಸಣ್ಣದಲ್ಲ. ಲಾಭ ಬರುತ್ತದೆಂದು ದೊಡ್ಡ ದೊಡ್ಡ ಟ್ರಕ್ಕು, ಎಸ್‌ಯುವಿಗಳನ್ನೇ ನೆಚ್ಚಿಕೊಂಡು ಸಣ್ಣ ಕಾರುಗಳನ್ನು ಜಪಾನಿನವರಿಗೆ ಬಿಟ್ಟುಕೊಟ್ಟರು. 2008ರ ಬೇಸಿಗೆಯಲ್ಲಿ ಪೆಟ್ರೋಲು ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ಆ ಟ್ರಕ್ಕುಗಳು ಮಾರಾಟದ ಅಂಗಳದಲ್ಲೇ ಉಳಿದವು. ಯೂನಿಯನ್ ಕಡೆಯ ಹಟವನ್ನೂ ಮರೆಮಾಚಬಾರದು. 1984ರಲ್ಲಿ ಶುರುವಾದ ‘ಜಾಬ್ಸ್ ಬ್ಯಾಂಕ್’ ಎಂಬ ಏರ್ಪಾಡಿನಲ್ಲಿ, ಕೆಲಸ ಹೋದ ಸಾವಿರಾರು ಜನ ದುಡಿಯದೆಯೇ ಬಹುಪಾಲು ಸಂಬಳ ಪಡೆಯುತ್ತಿದ್ದರು. ಯಂತ್ರ ತಂದು ಮನುಷ್ಯರನ್ನು ಬೀದಿಗೆ ತಳ್ಳದಂತೆ ಕಂಪನಿಯ ಕೈ ಕಟ್ಟುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ವರ್ಷಗಟ್ಟಲೆ ಪದಬಂಧ ಬಿಡಿಸುತ್ತ ಕುಳಿತವರಿಗೆ ಸಂಬಳ ಕೊಡುವುದನ್ನು ನೋಡಿದ ಹೊರಗಿನವರ ಸಹಾನುಭೂತಿ ಬತ್ತಿಹೋಯಿತು. ನಂತರ ಕಷ್ಟ ಬಂದಾಗ ಯೂನಿಯನ್‌ಗೆ ತೀರಾ ಬೇಕಾಗಿದ್ದದ್ದು ಅದೇ ಸಹಾನುಭೂತಿ.

ಕಂಪನಿಯ ಮಾತನ್ನು ನಂಬಿ ಕೂರುವುದು ಎಷ್ಟು ಅಪಾಯ ಎಂಬುದು 1963ರ ಡಿಸೆಂಬರ್‌ನಲ್ಲೇ ಗೊತ್ತಾಗಿತ್ತು. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಂಪನಿ ಕಾರ್ಖಾನೆ ಮುಚ್ಚಿದಾಗ ಪಿಂಚಣಿ ನಿಧಿಯಲ್ಲಿ ಇರಬೇಕಾದಷ್ಟು ಹಣ ಇರಲಿಲ್ಲ. ಅರವತ್ತು ದಾಟಿದ್ದವರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಅರವತ್ತರ ನಡುವಿನ ನಾಲ್ಕು ಸಾವಿರದಷ್ಟು ಜನರಿಗೆ ಸಿಕ್ಕಿದ್ದು ರೂಪಾಯಿಗೆ ಹದಿನೈದು ಪೈಸೆಯ ಲೆಕ್ಕ. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಪಿಂಚಣಿ ನಿಧಿಗಳಿಗೆ ಕಾನೂನಿನ ಕಾವಲು, ಸರ್ಕಾರದ ವಿಮೆ ಬರಲು 1974ರವರೆಗೆ ಕಾಯಬೇಕಾಯಿತು. ಆ ಕಾನೂನು ಕಾದದ್ದು ಪಿಂಚಣಿಯನ್ನು. ನಿವೃತ್ತರ ಆಸ್ಪತ್ರೆ ಖರ್ಚಿಗೆ ಅಂಥ ಕಾವಲು ಇಲ್ಲ.

ಈಗ 2007ಕ್ಕೆ ಬರುತ್ತೇನೆ. ಹೊರಗಿನವರ ಕಣ್ಣಿಗೆ 2009ರ ದಿವಾಳಿ ದೊಡ್ಡದಾಗಿ ಕಾಣುತ್ತದೆ. ಕಾರ್ಖಾನೆಯೊಳಗಿನ ಬದುಕು ತಿರುಗಿದ್ದು ಮಾತ್ರ ಅದಕ್ಕೆ ಎರಡು ವರ್ಷ ಮೊದಲು, ಯೂನಿಯನ್ ಒಪ್ಪಿ ಸಹಿ ಹಾಕಿದ ಒಪ್ಪಂದದಲ್ಲಿ. ಅದರಲ್ಲಿ ಎರಡು ಸಂಗತಿಗಳಿದ್ದವು. ನಿವೃತ್ತರ ಆರೋಗ್ಯ ವೆಚ್ಚದ ಹೊಣೆ ಕಂಪನಿಯಿಂದ ಕಳಚಿ, ಯೂನಿಯನ್‌ಗೆ ಜೋಡಿಸಿಕೊಂಡ ಒಂದು ಸ್ವತಂತ್ರ ಟ್ರಸ್ಟಿಗೆ ಹೋಯಿತು. ಕಂಪನಿ ಒಂದು ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಮುಂದಿನ ಏರಿಳಿತ ಟ್ರಸ್ಟಿನದು. ಎರಡನೆಯದು, ಇನ್ನು ಮುಂದೆ ಸೇರುವ ಹೊಸಬರಿಗೆ ಗಂಟೆಗೆ 14 ಡಾಲರಿನ ಸುತ್ತಮುತ್ತ ಸಂಬಳ ಶುರು, ಹಳಬರ ಅರ್ಧ. ಅವರಿಗೆ ತಿಂಗಳ ಪಿಂಚಣಿ ಇಲ್ಲ, ನಿವೃತ್ತಿಯ ನಂತರ ಆಸ್ಪತ್ರೆ ಖರ್ಚೂ ಇಲ್ಲ, ಭವಿಷ್ಯ ನಿಧಿಯಂಥ ಖಾತೆಯೊಂದು ಮಾತ್ರ.

ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬನ ಎಲೆಗೆ ಹೋಳಿಗೆ ತುಪ್ಪ, ಪಕ್ಕದವನ ಎಲೆಗೆ ಬರೀ ಅನ್ನ ಸಾರು ಬಡಿಸಿದಂತೆ. ಯೂನಿಯನ್ ಇದನ್ನು ಯಾಕೆ ಒಪ್ಪಿತು ಎಂಬುದು ಅರ್ಥವಾಗದ ಮಾತಲ್ಲ. ಮತ ಹಾಕುವವರು ಈಗ ಒಳಗಿರುವವರು. ಇನ್ನೂ ಕೆಲಸಕ್ಕೇ ಸೇರದವರಿಗೆ ಮತವೆಲ್ಲಿದೆ? ಹಳಬರ ಸಂಬಳ ಮುಟ್ಟದೆ, ನಿವೃತ್ತರನ್ನು ಕೈಬಿಡದೆ, ಕಂಪನಿಗೂ ಉಳಿತಾಯ ತೋರಿಸಲು ಇದ್ದ ಸುಲಭದ ದಾರಿ, ಬಾಗಿಲ ಹೊರಗಿದ್ದವರ ಹೆಗಲಿಗೆ ಹೊರೆ ದಾಟಿಸುವುದು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಮಾತಿನ ಮೇಲೆ ಕಟ್ಟಿದ ಸಂಘ ತನ್ನ ಅಡಿಪಾಯದ ಕಲ್ಲನ್ನು ತಾನೇ ಕಿತ್ತುಕೊಟ್ಟಿತು.

ಮುಂದಿನದು ಗೊತ್ತಿರುವ ಕಥೆ, ಬೇಗ ಹೇಳಿಬಿಡುತ್ತೇನೆ. 2008ರಲ್ಲಿ ಸಾಲದ ಪೇಟೆಯೇ ಕುಸಿಯಿತು, ಕಾರು ಕೊಳ್ಳುವವರಿಲ್ಲ. ಆ ವರ್ಷ ಜನರಲ್ ಮೋಟಾರ್ಸ್ ಕಳೆದುಕೊಂಡದ್ದು 3,090 ಕೋಟಿ ಡಾಲರ್. ನವೆಂಬರ್‌ನಲ್ಲಿ ಮೂರೂ ಕಂಪನಿಗಳ ಮುಖ್ಯಸ್ಥರು ಖಾಸಗಿ ಜೆಟ್ ವಿಮಾನಗಳಲ್ಲಿ ವಾಷಿಂಗ್ಟನ್ನಿಗೆ ಹೋಗಿ ಸಹಾಯ ಕೇಳಿದರು, ದೇಶವೆಲ್ಲ ಸಿಟ್ಟಾಯಿತು. ಸೆನೆಟ್ ಕೈಯೆತ್ತಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷ ಬುಷ್ ಬ್ಯಾಂಕುಗಳಿಗೆಂದು ಇಟ್ಟಿದ್ದ ನಿಧಿಯಿಂದ 1,740 ಕೋಟಿ ಡಾಲರ್ ಸಾಲ ಕೊಡಿಸಿದರು. ಒಬಾಮಾ ಬಂದ ಮೇಲೆ 2009ರ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಹೊಸ ಜನರಲ್ ಮೋಟಾರ್ಸ್‌ನಲ್ಲಿ ಅಮೆರಿಕ ಸರ್ಕಾರದ್ದು ಶೇ 60ಕ್ಕಿಂತ ಹೆಚ್ಚು ಪಾಲು, ಶೇ 17.5 ನಿವೃತ್ತರ ಆರೋಗ್ಯ ಟ್ರಸ್ಟಿನದು. ಟ್ರಸ್ಟಿಗೆ ಕೊಡಬೇಕಿದ್ದ ನಗದಿನ ಬದಲು ಹೆಚ್ಚಿನಂಶ ಷೇರನ್ನೇ ಕೊಟ್ಟಿದ್ದರು. ತುಟ್ಟಿಭತ್ಯೆ ನಿಂತಿತು, ಜಾಬ್ಸ್ ಬ್ಯಾಂಕ್ ಮುಚ್ಚಿತು, ಈ ಎರಡು ಕಂಪನಿಗಳಲ್ಲಿ 2015ರವರೆಗೆ ಮುಷ್ಕರ ಹೂಡುವುದಿಲ್ಲ ಎಂದು ಯೂನಿಯನ್ ಬರೆದುಕೊಟ್ಟಿತು.

2008ರ ಆ ಚಳಿಗಾಲವನ್ನು ಇಲ್ಲಿದ್ದ ಕನ್ನಡಿಗರಾರೂ ಮರೆತಿಲ್ಲ. ಟ್ರಾಯ್, ನೋವೈ, ಕ್ಯಾಂಟನ್ ಕಡೆ ನಮ್ಮವರ ಮನೆಗಳಲ್ಲಿ ಬಹುಪಾಲು ಒಬ್ಬರಾದರೂ ಕಾರಿನ ಕೆಲಸದವರು. ನಾವು ಎಂಜಿನಿಯರುಗಳು, ತಿಂಗಳ ಸಂಬಳದವರು, ಯೂನಿಯನ್ ಇಲ್ಲದವರು. ಶುಕ್ರವಾರ ಮಧ್ಯಾಹ್ನ ಮೇಲಧಿಕಾರಿ ಕರೆದರೆ ಎದೆ ಧಸಕ್ಕೆನ್ನುತ್ತಿತ್ತು, ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಮೇಜು ಖಾಲಿ ಮಾಡಿಸುತ್ತಿದ್ದರು. ವೀಸಾದ ಮೇಲಿದ್ದವರು ಮನೆ, ಮಕ್ಕಳ ಶಾಲೆ ಎಲ್ಲ ಬಿಟ್ಟು ಊರಿಗೆ ಹೊರಟರು. ಬಿಡಿಭಾಗದ ದೈತ್ಯ ಡೆಲ್ಫೈ ಕಂಪನಿ 2005ರಲ್ಲೇ ದಿವಾಳಿಗೆ ಹೋಗಿತ್ತು. ಅಲ್ಲಿ ಯು.ಎ.ಡಬ್ಲ್ಯು. ಕಾರ್ಮಿಕರ ಪಿಂಚಣಿಯ ಕೊರತೆಯನ್ನು ಜನರಲ್ ಮೋಟಾರ್ಸ್ ತುಂಬಿಕೊಟ್ಟಿತು, ಸಂಬಳದ ನೌಕರರ ಪಿಂಚಣಿ ಕಡಿತವಾಯಿತು. ‘ಅವರಿಗೆ ಯೂನಿಯನ್ ಇತ್ತು, ನಮಗೆ ಯಾರಿದ್ದರು’ ಎಂದು ಕೊರಗಿದ ಹಿರಿಯ ಎಂಜಿನಿಯರುಗಳನ್ನು ನಾನು ಬಲ್ಲೆ. ಕೆಲವರಿಗೆ ಅದು ಯೂನಿಯನ್ ಮೇಲಿನ ಸಿಟ್ಟಾಯಿತು. ನನಗೆ ಅದು ಯೂನಿಯನ್ ಇರಬೇಕೆಂಬುದಕ್ಕೆ ಪುರಾವೆಯಾಗಿ ಕಂಡಿತು.

ಕಂಪನಿಗಳು ಚೇತರಿಸಿಕೊಂಡವು. 2013ರಿಂದ ಹತ್ತು ವರ್ಷಗಳಲ್ಲಿ ಉತ್ತರ ಅಮೆರಿಕದಲ್ಲೇ ಮೂರೂ ಸೇರಿ ಸುಮಾರು 25,000 ಕೋಟಿ ಡಾಲರ್ ಲಾಭ ಮಾಡಿದವು. 2007ರ 28 ಡಾಲರ್ ಕೂಲಿ 2023ರ ಹೊತ್ತಿಗೆ 32ಕ್ಕೆ ಬಂದು ನಿಂತಿತ್ತು. ಅಷ್ಟರೊಳಗೆ ದಿನಸಿ, ಬಾಡಿಗೆ, ಎಲ್ಲದರ ಬೆಲೆ ಶೇ 40ಕ್ಕಿಂತ ಹೆಚ್ಚು ಏರಿತ್ತು. ಇದು ಮೇಲಿನ ಸಾಲಿನ ಹಳಬರ ಸ್ಥಿತಿ. ಕೆಳಗಿನ ಸಾಲಿನವರು ಆ 32 ಮುಟ್ಟಲು ಎಂಟು ವರ್ಷ ಕಾಯಬೇಕು, ಅವರಿಗಿಂತ ಕೆಳಗೆ ‘ತಾತ್ಕಾಲಿಕ’ ಎಂಬ ಹೆಸರಿನವರು 16-17 ಡಾಲರಿಗೆ ದುಡಿಯುತ್ತಿದ್ದರು.

2023ರ ಸೆಪ್ಟೆಂಬರ್‌ನಲ್ಲಿ ಯೂನಿಯನ್ ಮುಷ್ಕರ ಹೂಡಿದಾಗ ವೇಯ್ನ್ ಊರಿನ ಫೋರ್ಡ್ ಕಾರ್ಖಾನೆಯ ಗೇಟಿನ ಬಳಿ ಹೋಗಿ ನಿಂತಿದ್ದೆ. ಮಿಷಿಗನ್ ಅವೆನ್ಯೂದಲ್ಲಿ ಹಾದುಹೋಗುವ ಲಾರಿಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು. ಕೆಂಪು ಅಂಗಿ ತೊಟ್ಟವರು ಫಲಕ ಹಿಡಿದು ಗೇಟಿನ ಮುಂದೆ ಸುತ್ತು ಹಾಕುತ್ತಿದ್ದರು. ಯಾರೋ ಡಬ್ಬಿಗಟ್ಟಲೆ ಡೋನಟ್ ತಂದುಕೊಟ್ಟು ಹೋದರು. ಮಧ್ಯವಯಸ್ಸಿನ ಹೆಂಗಸೊಬ್ಬರು ತಮ್ಮ ಕೆಲಸ ವಿವರಿಸಿದರು. ಬಣ್ಣ ಮುಗಿಸಿ ಬಂದ ವಾಹನದ ಬಾಗಿಲು ಕಳಚುತ್ತಾರೆ, ಒಳಗಿನ ಕೆಲಸವೆಲ್ಲ ಆದಮೇಲೆ ಮತ್ತೆ ಕೂರಿಸುತ್ತಾರೆ. “ಬಲಗಡೆಯ ಬಾಗಿಲು ನನ್ನದು. ಎಡಗಡೆಯದನ್ನು ಕೂರಿಸುವವರು ಹಳಬರು. ಅದೇ ಬೋಲ್ಟು, ಅದೇ ಯಂತ್ರ, ಅದೇ ಒಂದು ನಿಮಿಷ. ಅವರು ಒಳ್ಳೆಯವರು, ನನಗೆ ಕೆಲಸ ಕಲಿಸಿದ್ದೇ ಅವರು. ಸಂಬಳದ ದಿನ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ” ಎಂದರು. ಭುಜದ ನೋವಿಗೆ ಹಚ್ಚಿದ ಮುಲಾಮಿನ ಪಟ್ಟಿ ಅವರ ಅಂಗಿಯ ಕುತ್ತಿಗೆಯಂಚಿನಲ್ಲಿ ಕಾಣುತ್ತಿತ್ತು.

ಆ ಮುಷ್ಕರಕ್ಕೆ ಮುಂಚೆ ಯೂನಿಯನ್ ತನ್ನ ಮನೆಯನ್ನೂ ತೊಳೆದುಕೊಳ್ಳಬೇಕಾಯಿತು. ಸದಸ್ಯರ ಹಣದಲ್ಲಿ ವಿಲಾಸ ಮಾಡಿದ್ದಕ್ಕೆ ಇಬ್ಬರು ಮಾಜಿ ಅಧ್ಯಕ್ಷರು, ಗ್ಯಾರಿ ಜೋನ್ಸ್ ಮತ್ತು ಡೆನಿಸ್ ವಿಲಿಯಮ್ಸ್, ಜೈಲು ಕಂಡರು. ನ್ಯಾಯಾಲಯದ ಉಸ್ತುವಾರಿ ಬಂತು. ಪ್ರತಿನಿಧಿಗಳು ಸೇರಿ ಅಧ್ಯಕ್ಷರನ್ನು ಆರಿಸುವ ಪದ್ಧತಿ ಹೋಗಿ ಪ್ರತಿ ಸದಸ್ಯನಿಗೂ ನೇರ ಮತ ಬಂತು. ಕೆಳಗಿನ ಸಾಲಿನವರ ಕೈಗೂ ಈಗ ಅಧ್ಯಕ್ಷರನ್ನು ಆರಿಸುವ ಚೀಟಿ ಬಂದದ್ದು ದೊಡ್ಡ ಬದಲಾವಣೆ. 2023ರ ಮಾರ್ಚ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದ ಶಾನ್ ಫೇನ್ ಅವರ ಮೊದಲ ಘೋಷಣೆಗಳಲ್ಲಿ ಒಂದು, ಈ ಎರಡು ಸಾಲಿನ ಸಂಬಳ ಹೋಗಬೇಕು ಎಂಬುದು.

ಮುಷ್ಕರ ನಡೆಸಿದ ಬಗೆಯೂ ಹೊಸದು. ಹಿಂದೆಲ್ಲ ಒಂದು ಕಂಪನಿಯನ್ನು ಆರಿಸಿ ಪೂರ್ತಿ ನಿಲ್ಲಿಸುತ್ತಿದ್ದರು. ಈ ಸಲ ಮೂರೂ ಕಂಪನಿಗಳ ಮೇಲೆ ಒಟ್ಟಿಗೆ, ಆದರೆ ಸೆಪ್ಟೆಂಬರ್ 15ಕ್ಕೆ ಒಂದೊಂದರ ಒಂದೇ ಕಾರ್ಖಾನೆ: ವೇಯ್ನ್, ಒಹಾಯೊದ ಟೊಲೀಡೊ, ಮಿಸೌರಿಯ ವೆಂಟ್ಸ್‌ವಿಲ್. ಮುಂದೆ ಯಾವುದು ನಿಲ್ಲುತ್ತದೆ ಎಂದು ಕಂಪನಿಗಳಿಗೆ ತಿಳಿಯದು. ಮುಷ್ಕರದಲ್ಲಿದ್ದವರಿಗೆ ಯೂನಿಯನ್ ವಾರಕ್ಕೆ 500 ಡಾಲರ್ ಕೊಡಬೇಕಾದ್ದರಿಂದ, ಹೀಗೆ ಬಿಡಿಬಿಡಿಯಾಗಿ ಹೋದರೆ ನಿಧಿ ಬೇಗ ಕರಗುವುದಿಲ್ಲ. ಅಧ್ಯಕ್ಷ ಬೈಡನ್ ಸ್ವತಃ ಮಿಷಿಗನ್‌ಗೆ ಬಂದು ಮುಷ್ಕರನಿರತರ ನಡುವೆ ನಿಂತು ಧ್ವನಿವರ್ಧಕ ಹಿಡಿದರು. ಫೋರ್ಡಿನ ಅತಿ ಲಾಭದ ಕೆಂಟಕಿ ಟ್ರಕ್ ಕಾರ್ಖಾನೆ ನಿಂತ ಎರಡು ವಾರಕ್ಕೆ ಒಪ್ಪಂದ ಕುದುರಿತು, ಅಕ್ಟೋಬರ್ ಕೊನೆಗೆ ಉಳಿದೆರಡೂ ಬಂದವು. ನಾಲ್ಕೂವರೆ ವರ್ಷಗಳಲ್ಲಿ ಶೇ 25 ಏರಿಕೆ, ತುಟ್ಟಿಭತ್ಯೆ ವಾಪಸ್, ಗರಿಷ್ಠ ಕೂಲಿ ಮುಟ್ಟಲು ಎಂಟರ ಬದಲು ಮೂರೇ ವರ್ಷ. ಕೂಲಿಯಲ್ಲಿದ್ದ ಎರಡು ಸಾಲು ಬಹುಮಟ್ಟಿಗೆ ಒಂದಾಯಿತು.

ಇದರಿಂದ ಕಂಪನಿಗಳು ಮುಳುಗುತ್ತವೆಯೇ? ಪ್ರತಿ ವಾಹನಕ್ಕೆ ಸುಮಾರು 900 ಡಾಲರ್ ಹೆಚ್ಚು ಬೀಳುತ್ತದೆ ಎಂದು ಫೋರ್ಡ್ ಹೇಳಿತು. ಹಗುರವಾದ ಮಾತಲ್ಲ, ಏಕೆಂದರೆ ಅದೇ 2023ರಲ್ಲಿ ಫೋರ್ಡಿನ ವಿದ್ಯುತ್ ವಾಹನ ವಿಭಾಗ 470 ಕೋಟಿ ಡಾಲರ್ ಕಳೆದುಕೊಂಡಿತ್ತು, ಮತ್ತು ಟೆಸ್ಲಾದಲ್ಲಿ ಯೂನಿಯನ್ ಇಲ್ಲ. ಆದರೆ ಮುಷ್ಕರ ಮುಗಿದು ತಿಂಗಳಾಗುತ್ತಿದ್ದಂತೆ ಜನರಲ್ ಮೋಟಾರ್ಸ್ ತನ್ನ ಷೇರುಗಳನ್ನು ತಾನೇ ಕೊಳ್ಳಲು 1,000 ಕೋಟಿ ಡಾಲರ್ ತೆಗೆದಿಟ್ಟಿತು. ಷೇರುದಾರರಿಗೆ ಅಷ್ಟು ಹಣ ಸಿಗುವಾಗ ಬಾಗಿಲು ಕೂರಿಸುವವರಿಗೆ ಮಾತ್ರ ಸಿಗಬಾರದು ಎಂಬ ವಾದವನ್ನು ನಾನು ಒಪ್ಪಲಾರೆ. ಆ ಒಪ್ಪಂದದ ಬೆನ್ನಿಗೇ ಯೂನಿಯನ್ ಇಲ್ಲದ ಟೊಯೊಟಾ, ಹೊಂಡಾ ಕಂಪನಿಗಳೂ ತಾವಾಗಿಯೇ ಕೂಲಿ ಏರಿಸಿದವು. 2024ರ ಏಪ್ರಿಲ್‌ನಲ್ಲಿ ಟೆನೆಸ್ಸಿಯ ಚಟನೂಗಾದ ಫೋಕ್ಸ್‌ವ್ಯಾಗನ್ ಕಾರ್ಮಿಕರು ಭಾರಿ ಬಹುಮತದಿಂದ ಯೂನಿಯನ್ ಸೇರಿದರು. ಮರುತಿಂಗಳೇ ಅಲಬಾಮಾದ ಮರ್ಸಿಡಿಸ್ ಕಾರ್ಖಾನೆಯಲ್ಲಿ ಯೂನಿಯನ್ ಸೋತಿತು.

ಒಂದು ಬೇಡಿಕೆ ಮಾತ್ರ 2023ರಲ್ಲೂ ಈಡೇರಲಿಲ್ಲ, ಪತ್ರಿಕೆಗಳು ಅದರ ಬಗ್ಗೆ ಹೆಚ್ಚು ಬರೆಯಲೂ ಇಲ್ಲ. 2007ರ ನಂತರ ಸೇರಿದವರಿಗೆ ತಿಂಗಳ ಪಿಂಚಣಿಯಾಗಲಿ ನಿವೃತ್ತಿಯ ಮೇಲಿನ ಆರೋಗ್ಯ ವೆಚ್ಚವಾಗಲಿ ಮರಳಿ ಬರಲಿಲ್ಲ; ಅವರ ಉಳಿತಾಯ ಖಾತೆಗೆ ಕಂಪನಿ ಕಟ್ಟುವ ಪಾಲು ಶೇ 10ಕ್ಕೆ ಏರಿತು, ಅಷ್ಟೇ. ವೇಯ್ನ್ ಗೇಟಿನಲ್ಲಿ ಸಿಕ್ಕ ಆ ಹೆಂಗಸಿನಂಥವರಿಗೆ ಕೂಲಿ ಸಮನಾಗಿದೆ, ಮುಪ್ಪು ಸಮನಾಗಿಲ್ಲ. ಅರವತ್ತರ ಹೊತ್ತಿಗೆ ಭುಜ ಸೋತು ಲೈನಿನಿಂದ ಇಳಿದರೆ, ಸರ್ಕಾರದ ಮೆಡಿಕೇರ್ ಶುರುವಾಗುವ 65ರವರೆಗೆ ಆಸ್ಪತ್ರೆಯ ಬಿಲ್ಲನ್ನು ಅವರೇ ನೋಡಿಕೊಳ್ಳಬೇಕು. ಈಗಿನ ಒಪ್ಪಂದಗಳು 2028ರ ಏಪ್ರಿಲ್ 30ಕ್ಕೆ ಮುಗಿಯುತ್ತವೆ. ಬೇರೆ ಉದ್ಯಮಗಳ ಯೂನಿಯನ್‌ಗಳೂ ತಮ್ಮ ಒಪ್ಪಂದದ ಕೊನೆಯನ್ನು ಅದೇ ದಿನಕ್ಕೆ ಹೊಂದಿಸಿಕೊಳ್ಳಲಿ ಎಂದು ಫೇನ್ ಕರೆ ಕೊಟ್ಟಿದ್ದಾರೆ, ಮೇ ದಿನದಂದು ಎಲ್ಲರೂ ಒಟ್ಟಿಗೆ ಹೊರಬರಲೆಂದು. 2007ರಲ್ಲಿ ಅರ್ಧ ಕೂಲಿಗೆ ಸೇರಿದವರು ಆಗ ಇಪ್ಪತ್ತು ವರ್ಷ ದುಡಿದಿರುತ್ತಾರೆ. ರೂಥರ್ 1940ರ ದಶಕದಲ್ಲಿ ಸರ್ಕಾರದ ಮುಂದೆ ಇಟ್ಟ ಬೇಡಿಕೆಯನ್ನು ಅವರು ಮತ್ತೆ ಕಂಪನಿಯ ಮುಂದೆ ಇಡುತ್ತಾರೋ, ಇಲ್ಲ ಈ ಸಲವಾದರೂ ವಾಷಿಂಗ್ಟನ್ನಿನ ಮುಂದೆಯೇ ಇಡುತ್ತಾರೋ, ನಾನು ಕಾದು ನೋಡುತ್ತಿರುವುದು ಅದನ್ನು.